ಸರ್ವೋತ್ತಮಣ್ಣನ ದಶಮಿ ಸವಾರಿ

ಸರ್ವೋತ್ತಮಣ್ಣ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಈ ಒಂದೇ ಗುಣದಿಂದ ಅವರು ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೋಟೆಲು ಕಟ್ಟಿದರು, ಮಗಳನ್ನು ಓದಿಸಿ ಮದುವೆ ಮಾಡಿದರು, ಮತ್ತು ಕಳೆದ ವಿಜಯದಶಮಿಯ ಬೆಳಿಗ್ಗೆ ನಮ್ಮ ಹೌಸಿಂಗ್ ಸೊಸೈಟಿಯ ಗೇಟನ್ನು ಒಂದು ಬಿಳಿ ಕಾರಿನಿಂದ ಪೂರ್ತಿಯಾಗಿ ಮುಚ್ಚಿದರು.

ಉಡುಪಿಯ ಕಡೆಯ ಹುಡುಗನಾಗಿ ಅವರು ಮೊದಲು ಬಂದು ಸೇರಿದ್ದು ಕಲ್ಯಾಣ ಸ್ಟೇಷನ್ನಿನ ಎದುರಿದ್ದ ಸೋದರಮಾವನ ಹೋಟೆಲಿಗೆ. ಮೊದಲ ದಿನ ಮಾವ ಕೈಗೊಂದು ಬಟ್ಟೆ ಕೊಟ್ಟು ಮೇಜು ಒರೆಸು ಎಂದರಂತೆ. ಇವರು ಮೇಲೆ ಒರೆಸಿದರು, ಬಗ್ಗಿ ಅಡಿಯನ್ನೂ ಒರೆಸಿದರು, ಆಮೇಲೆ ಕಾಲುಗಳಿಗೆ ಕೈ ಹಾಕಿದರು. ಲೋಕಲ್ ಹಿಡಿಯುವ ಅವಸರದಲ್ಲಿದ್ದ ಗಿರಾಕಿಗಳು ಇಡ್ಲಿ ತಟ್ಟೆಯನ್ನು ಎತ್ತಿ ಹಿಡಿದುಕೊಂಡು ನಿಂತೇ ತಿಂದರು. ಕೆಲವೇ ದಿನಗಳಲ್ಲಿ ಮಾವ ಇವರನ್ನು ಗಲ್ಲಾದಲ್ಲಿ ಕೂರಿಸಿದರು. ಅದು ತಮಗೆ ಸಿಕ್ಕ ಬಡ್ತಿ ಎಂದು ಸರ್ವೋತ್ತಮಣ್ಣ ಈಗಲೂ ನಂಬಿದ್ದಾರೆ. ಗಿರಾಕಿಗಳನ್ನು ಉಳಿಸಿಕೊಳ್ಳಲು ಮಾವನಿಗೆ ಬೇರೆ ದಾರಿ ಇರಲಿಲ್ಲ ಎಂದು ನನಗನ್ನಿಸುತ್ತದೆ.

ಮುಂದೆ ಸ್ವಂತ ಹೋಟೆಲು ಮಾಡಿದಾಗ ಈ ಗುಣವೇ ಹೆಸರು ತಂದಿತು. ಅವರಲ್ಲಿ ಚಟ್ನಿ ಎರಡು ಸಲ ರುಬ್ಬಿಸಿಕೊಳ್ಳುತ್ತದೆ. ಎಂಐಡಿಸಿಯ ಕಾರ್ಖಾನೆಗಳಿಂದ ಗಾಳಿ ಯಾವ ವಾಸನೆ ಹೊತ್ತು ತಂದರೂ ಅವರ ಸಾರಿನ ಇಂಗಿನ ಮುಂದೆ ಅದು ಸೋಲುತ್ತದೆ. ಕಾರು ಕಲಿತದ್ದು ಮಾತ್ರ ಐವತ್ತು ದಾಟಿದ ಮೇಲೆ. ಅಲ್ಲಿಯೂ ಪೂರ್ತಿಯೇ. ಎಡಕ್ಕೆ ತಿರುಗಬೇಕಾದರೆ ಹಿಂದಿನ ಬಸ್ ಸ್ಟಾಪಿನಿಂದಲೇ ದೀಪ ಮಿನುಗಿಸುತ್ತಾರೆ. ಸಿಗ್ನಲ್ ಹಸಿರಿದ್ದರೂ ನಿಧಾನ ಮಾಡುತ್ತಾರೆ. ಯಾಕೆಂದು ಕೇಳಿದರೆ, "ಅದು ಹಸಿರು ಆಗಿ ಎಷ್ಟು ಹೊತ್ತಾಯ್ತು ಅಂತ ನಮಗೆ ಗೊತ್ತುಂಟಾ?" ಎನ್ನುತ್ತಾರೆ.

ಇಂಥವರ ಕೈಗೆ ಆಯುಧ ಪೂಜೆ ಸಿಕ್ಕಿದರೆ ಹೇಗಿರುತ್ತದೆ ಎಂಬುದನ್ನು ಪ್ರತಿವರ್ಷ ನಮ್ಮ ಓಣಿ ನೋಡುತ್ತದೆ. ಮಹಾನವಮಿಯ ದಿನ ಹೋಟೆಲಿನ ಗ್ರೈಂಡರು, ಒಲೆ, ತಕ್ಕಡಿ, ಗಲ್ಲಾಪೆಟ್ಟಿಗೆ ಎಲ್ಲದಕ್ಕೂ ಗಂಧ, ಕುಂಕುಮ, ಗೊಂಡೆ ಹೂ. ಒಂದು ವರ್ಷ ಸಿಸಿಟಿವಿ ಕ್ಯಾಮೆರಾದ ಕಣ್ಣಿಗೇ ಕುಂಕುಮ ಬಿದ್ದು ದೀಪಾವಳಿಯವರೆಗೆ ಅದರಲ್ಲಿ ಬಂದುಹೋದವರೆಲ್ಲ ಕೆಂಪಾಗಿ ಕಾಣುತ್ತಿದ್ದರು. ಗಿರಾಕಿಯೊಬ್ಬ ಮರೆತು ಹೋಗಿದ್ದ ಹೆಲ್ಮೆಟ್ಟಿಗೂ ಆರತಿ ಆಯಿತು. ಅವನು ಬಂದು ಕೇಳಿದಾಗ ಇವರು ಅದನ್ನು ಪ್ರಸಾದದ ಜೊತೆ ಕೊಟ್ಟರು.

ಕಳೆದ ವರ್ಷ ಈ ಪೂಜೆಗೆ ಇನ್ನೂ ಹೆಚ್ಚಿನ ಉತ್ಸಾಹ ಬಂದದ್ದಕ್ಕೆ ಕಾರಣವಿತ್ತು. ಮರುದಿನ, ವಿಜಯದಶಮಿಯಂದು, ಮೊಮ್ಮಗಳು ಸುಮೇಧಾಳಿಗೆ ಅಕ್ಷರಾಭ್ಯಾಸ. ಮಗಳು ಪ್ರಣೀತಾ ಕೆಲಸ ಮಾಡುವ ಆಫೀಸಿನಲ್ಲೇ ಪರಿಚಯವಾದ ಠಾಣೆಯ ಕರ್ಣಿಕ್ ಎನ್ನುವವರ ಮಗನನ್ನು ಮದುವೆಯಾಗಿ ಸಾನಪಾಡಾದಲ್ಲಿ ಸಂಸಾರ ಹೂಡಿದ್ದಾಳೆ. ಒಳ್ಳೆಯ ಮನೆ, ಒಳ್ಳೆಯ ಹುಡುಗ, ಬೀಗರಂತೂ ಚಿನ್ನದಂಥ ಜನ. ಕೊರತೆ ಎಂದರೆ ಒಂದೇ. ಮೂರು ವರ್ಷದ ಸುಮೇಧಾ ಅಪ್ಪನ ಹತ್ತಿರ ಮರಾಠಿ, ಅಮ್ಮನ ಹತ್ತಿರ ಹಿಂದಿ, ಮೊಬೈಲಿನ ಹತ್ತಿರ ಇಂಗ್ಲಿಷ್ ಮಾತಾಡುತ್ತಾಳೆ. ಅಜ್ಜನ ಕನ್ನಡಕ್ಕೆ ಅವಳು ಕೊಡುವುದು ತಲೆಯಾಡಿಸುವಿಕೆ ಮಾತ್ರ.

"ಆಮೇಲೆ ಅವಳು ಮರಾಠಿ ಬರೀಲಿ, ಇಂಗ್ಲಿಷ್ ಬರೀಲಿ, ಬೇಕಾದ್ರೆ ಚೀನಾದ್ದು ಬರೀಲಿ ಮಾರಾಯ," ಎಂದು ಸರ್ವೋತ್ತಮಣ್ಣ ನನ್ನೊಡನೆ ಹೇಳಿದ್ದರು. "ಅಕ್ಕಿಯಲ್ಲಿ ಮೊದಲ ಅಕ್ಷರ ಮಾತ್ರ ನಮ್ಮದಾಗ್ಬೇಕು. ಬೆರಳು ಹಿಡಿದು ನಾನೇ ಬರೆಸ್ಬೇಕು."

ಇದಕ್ಕೆ ಬೀಗರು ತಕರಾರು ತೆಗೆದಿರಲಿಲ್ಲ. ಕರ್ಣಿಕರು ಫೋನಿನಲ್ಲಿ, "ನೀವು ಹೇಳಿದ ಮುಹೂರ್ತಕ್ಕೆ ನೀವು ಬಂದರೆ ಬೆರಳು ನಿಮ್ಮದು, ಬಾರದಿದ್ದರೆ ನಾನಿದ್ದೇನೆ," ಎಂದು ನಕ್ಕಿದ್ದರು. ಮುಹೂರ್ತ ಇಟ್ಟವರು ಸರ್ವೋತ್ತಮಣ್ಣನೇ. ಉಡುಪಿಯ ಪಂಚಾಂಗ ನೋಡಿಸಿ, ಹನ್ನೊಂದೂವರೆಯೊಳಗೆ ಅಕ್ಷರ ಬೀಳಬೇಕು, ಮೀರಿದರೆ ಆಗದು ಎಂದು ಬೀಗರಿಗೆ ಒಂದಲ್ಲ, ಹಲವು ಸಲ ಫೋನು ಮಾಡಿ ಮನದಟ್ಟು ಮಾಡಿದ್ದರು. ಜೊತೆಗೆ ಊಟವೂ ತಮ್ಮದೇ ಎಂದು ಹೇಳಿಬಿಟ್ಟಿದ್ದರು. ಹೋಟೆಲಿನಲ್ಲೇ ಮಾಡಿಸಿದ ಕೋಸಂಬರಿ, ಪಲ್ಯ, ಚಿತ್ರಾನ್ನ, ಮೇಲೆ ಒಂದು ದೊಡ್ಡ ಪಾತ್ರೆ ಗಸಗಸೆ ಪಾಯಸ.

ದಶಮಿಯ ಬೆಳಿಗ್ಗೆ ತಿಂಡಿ ಮುಗಿಸಿ ಕೆಳಗಿಳಿದಾಗ ಎಲ್ಲವೂ ಸಿದ್ಧವಾಗಿತ್ತು. ಡಿಕ್ಕಿಯಲ್ಲಿ ಊಟ, ಬಾನೆಟ್ಟಿನ ಮೇಲೆ ಗೊಂಡೆ ಹೂವಿನ ಹಾರ, ನಾಲ್ಕು ಚಕ್ರದಡಿ ನಾಲ್ಕು ಲಿಂಬೆ. ಸರ್ವೋತ್ತಮಣ್ಣ ಪಂಚೆ, ಜರಿ ಶಲ್ಯ. ಅವರ ಹೆಂಡತಿ ಅಕ್ಕು ಅತ್ತಿಗೆ ಹಸಿರು ರೇಷ್ಮೆ. ನನಗೆ ಹೊಸ ಕುರ್ತಾ. ಹಿಂದಿನ ಸೀಟಿನಲ್ಲಿ ಪಾಯಸದ ಪಾತ್ರೆಯನ್ನು ಮೊಣಕಾಲ ನಡುವೆ ಹಿಡಿದು ಕೂರುವವನೊಬ್ಬ ಬೇಕಿತ್ತು. ಅದಕ್ಕೆ ನನ್ನನ್ನು ಆಮಂತ್ರಿಸಿದ್ದರು.

ಸರ್ವೋತ್ತಮಣ್ಣ ದೇವರನ್ನು ನೆನೆದು ಚಾವಿ ತಿರುಗಿಸಿದರು.

'ಟಿಕ್' ಎಂದಿತು.

ಇನ್ನೊಮ್ಮೆ ತಿರುಗಿಸಿದರು. ಇನ್ನೊಂದು 'ಟಿಕ್'. ಗೋಡೆ ಗಡಿಯಾರದ ಹಾಗೆ ಶಿಸ್ತಾಗಿ, ತಿರುಗಿಸಿದಷ್ಟು ಸಲವೂ ಅಷ್ಟೇ. ಎಂಜಿನ್ನು ಮಾತ್ರ ಮೌನ.

"ಎಂತ ಆಯ್ತು?" ಎಂದರು ಅಕ್ಕು ಅತ್ತಿಗೆ.

"ಏನೂ ಆಗ್ಲಿಲ್ಲ," ಎಂದರು ಸರ್ವೋತ್ತಮಣ್ಣ. ಇಷ್ಟು ನಿಖರವಾದ ಉತ್ತರವನ್ನು ನಾನು ಕೇಳಿದ್ದು ಕಡಿಮೆ.

ಈಗ ಇಬ್ಬರೂ ನನ್ನ ಮುಖ ನೋಡಿದರು. ಇದಕ್ಕೂ ಕಾರಣವಿದೆ. ನಾನು ವಿಮಾ ಕಂಪನಿಯಲ್ಲಿ ಕಾರುಗಳ ಕ್ಲೇಮು ನೋಡುವವನು. ಜಜ್ಜಿದ ಬಾಗಿಲು, ಒಡೆದ ಗಾಜು, ಎಮ್ಮೆಗೆ ತಾಗಿದ ಬಂಪರು, ಇವುಗಳ ಫೋಟೋ ನೋಡಿ ಸಹಿ ಹಾಕುತ್ತ ಬಂದು ಅರ್ಧ ಆಯುಷ್ಯ ಕಳೆಯಿತು. ಕಾರು ಹೇಗೆ ನಿಲ್ಲುತ್ತದೆ ಎಂಬುದರಲ್ಲಿ ನಾನು ತಜ್ಞ. ಹೇಗೆ ಹೊರಡುತ್ತದೆ ಎಂಬುದು ನನ್ನ ಇಲಾಖೆಗೆ ಬರುವುದಿಲ್ಲ. ಆದರೆ ಸೊಸೈಟಿಯಲ್ಲಿ ಈ ಭೇದ ಯಾರಿಗೂ ಗೊತ್ತಿಲ್ಲ, ಗೊತ್ತು ಮಾಡುವ ಆತುರ ನನಗೂ ಇರಲಿಲ್ಲ.

"ಪೆಟ್ರೋಲ್ ಲೈನಿನಲ್ಲಿ ಗಾಳಿ ಹಿಡ್ದಿರ್ಬೇಕು," ಎಂದೆ, ಗಂಭೀರವಾಗಿ.

"ಗಾಳಿ ಹಿಡಿದ್ರೆ ಟಿಕ್ ಅನ್ನೋದಿಲ್ಲ ಮುರಾರಿಯವ್ರೆ," ಎಂದಿತು ಹಿಂದಿನಿಂದ ಒಂದು ದನಿ. ನೆಲಮಹಡಿಯ ದೇಜಪ್ಪಣ್ಣ. ಬನಿಯನಿನಲ್ಲೇ, ಕೈಯಲ್ಲಿ ಚಹಾದ ಲೋಟ ಹಿಡಿದು ಬಂದಿದ್ದರು. ದೇಜಪ್ಪಣ್ಣ ಪ್ರಾಯಕಾಲದಲ್ಲಿ ಮಸ್ಕತ್ತಿನಲ್ಲಿದ್ದವರು. ಅಲ್ಲಿ ಅವರದು ಕ್ಯಾಂಟೀನಿನ ಕೆಲಸ. ಆದರೆ ಕ್ಯಾಂಟೀನಿನ ಎದುರಿಗೆ ಗ್ಯಾರೇಜು ಇತ್ತು. ಆ ರಸ್ತೆ ದಾಟಿ ಬಂದ ವಿದ್ಯೆ ಅವರಲ್ಲಿ ಇಂದಿಗೂ ಉಳಿದಿದೆ. "ದೂಡುವ. ದೂಡಿದ್ರೆ ಯಾವ ಗಾಡಿಯೂ ಬಾಯಿ ಬಿಡ್ತದೆ."

"ದೂಡ್ಲಿಕ್ಕೆ ಆಗೋದಿಲ್ಲ," ಎಂದರು ಸರ್ವೋತ್ತಮಣ್ಣ. "ಅಡಿಯಲ್ಲಿ ಲಿಂಬೆ ಉಂಟು."

"ಉಂಟಲ್ಲ, ಅದಕ್ಕೇನು?"

"ಪೂಜೆಯ ಲಿಂಬೆ. ಗಾಡಿ ತನ್ನ ಬಲದಲ್ಲೇ ಹತ್ತಿ ಹೋಗ್ಬೇಕು. ನೀವು ದೂಡಿ ಹತ್ತಿಸಿದ್ರೆ ಅದು ನಿಮ್ಮ ಬಲ ಆಯ್ತು. ದೃಷ್ಟಿ ಹೋಗೋದು ನಿಮ್ದು, ನನ್ನ ಗಾಡಿದ್ದಲ್ಲ."

ದೇಜಪ್ಪಣ್ಣ ಚಹಾ ಕುಡಿಯುವುದನ್ನು ನಿಲ್ಲಿಸಿ ಯೋಚಿಸಿದರು. ತಮ್ಮ ದೃಷ್ಟಿ ಪುಕ್ಕಟೆಯಾಗಿ ಹೋಗುವುದಾದರೆ ಅಡ್ಡಿಯಿಲ್ಲ ಎಂಬ ತೀರ್ಮಾನಕ್ಕೆ ಬಂದಂತೆ ಕಂಡಿತು. ಆದರೆ ಸರ್ವೋತ್ತಮಣ್ಣ ಜಗ್ಗಲಿಲ್ಲ.

"ಹಾಗಾದ್ರೆ ನಾನು ಟ್ರೇನಿನಲ್ಲಿ ಹೋಗ್ತೇನೆ," ಎಂದರು ಅಕ್ಕು ಅತ್ತಿಗೆ. "ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿದ್ರೆ ಸಾನಪಾಡಾ. ಮಗುವಿನ ಹತ್ರ ಒಬ್ರಾದ್ರೂ ಇರ್ಬೇಕಲ್ಲ."

"ಪಾಯಸ ತಗೊಂಡು ಠಾಣೆಯ ಬ್ರಿಡ್ಜ್ ಹತ್ತುದಾ? ದಸರಾದ ದಿನ?" ಎಂದರು ಸರ್ವೋತ್ತಮಣ್ಣ. "ಮತ್ತೆ ಪೂಜೆ ಮಾಡಿದ ಗಾಡಿಯನ್ನು ದಶಮಿಯ ದಿನ ಬಿಟ್ಟು ಹೋಗುದುಂಟಾ ಅಕ್ಕೂ? ವರ್ಷ ಇಡೀ ಅದು ನಮ್ಮನ್ನು ಹಾಗೇ ಬಿಟ್ಟುಹಾಕ್ತದೆ."

ನಾನು ಮೊಬೈಲಿನಲ್ಲಿ ಟ್ಯಾಕ್ಸಿ ಹುಡುಕಿದೆ. ಒಬ್ಬ ಒಪ್ಪಿಕೊಂಡ, ಫೋನು ಮಾಡಿ ಎಲ್ಲಿಗೆ ಎಂದು ಕೇಳಿದ, ಸಾನಪಾಡಾ ಎಂದೊಡನೆ ಮಾಯವಾದ. ಇನ್ನೊಬ್ಬ ಪಾತ್ರೆಯ ಗಾತ್ರ ಕೇಳಿ ಮಾಯವಾದ. ಗಂಟೆ ಒಂಬತ್ತು ದಾಟುತ್ತಿತ್ತು. ಹಬ್ಬದ ದಿನ ದಾರಿಯ ಕೂಡುರಸ್ತೆಯಾದ ಶಿಳ್‌ಫಾಟಾ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಅದು ಆಗಲೇ ತಡ. ಸರ್ವೋತ್ತಮಣ್ಣ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಲು ಶುರುಮಾಡಿದರು.

ಕೊನೆಗೆ ಲಿಂಬೆಯ ತೀರ್ಪು ಕೊಟ್ಟವರು ಅಕ್ಕು ಅತ್ತಿಗೆಯೇ.

"ನೋಡಿ, ಎಂಜಿನ್ ಯಾವುದು, ಮುರಾರಿ ಯಾವುದು ಅಂತ ಲಿಂಬೆಗೆ ಗೊತ್ತಾಗೋದಿಲ್ಲ. ಚಕ್ರ ತಿರುಗಿದ್ರೆ ಆಯ್ತು. ಎಲ್ರೂ ದೂಡಿ."

ದೂಡಿದೆವು. ನಾನು, ದೇಜಪ್ಪಣ್ಣ, ವಾಚ್‌ಮನ್, ಹಾಲಿನ ಪ್ಯಾಕೆಟು ಹಿಡಿದು ಹೋಗುತ್ತಿದ್ದ ಯಾರೋ ಒಬ್ಬರು. ಲಿಂಬೆಗಳು ಪಚಕ್ಕೆಂದು ಒಡೆದು ರಸ ನನ್ನ ಹೊಸ ಕುರ್ತಾಕ್ಕೆ ಹಾರಿತು. ನಮ್ಮ ಸೊಸೈಟಿಯ ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಕಾರು ವೇಗ ಹಿಡಿಯಿತು. "ಕ್ಲಚ್ ಬಿಡಿ, ಕ್ಲಚ್ ಬಿಡಿ," ಎಂದು ದೇಜಪ್ಪಣ್ಣ ಓಡುತ್ತಲೇ ಕೂಗಿದರು. ಸರ್ವೋತ್ತಮಣ್ಣ ಕ್ಲಚ್ ಬಿಟ್ಟರು. ಕಾರು ಒಮ್ಮೆ ಮುಗ್ಗರಿಸಿ, ಗೇಟಿನ ಎರಡು ಕಂಬಗಳ ನಡುವೆ, ಅಳತೆ ತೆಗೆದು ಇಟ್ಟ ಹಾಗೆ ನಿಂತಿತು. ಶಬ್ದವಿಲ್ಲ.

ನಾವೆಲ್ಲ ಡಿಕ್ಕಿಯ ಮೇಲೆ ಒರಗಿ ಉಸಿರು ಬಿಡುತ್ತಿದ್ದೆವು. ದೇಜಪ್ಪಣ್ಣ ನಡೆದು ಹೋಗಿ ಕಿಟಕಿಯಿಂದ ಒಳಗೆ ನೋಡಿದರು.

"ರಾಯ್ರೆ, ಚಾವಿ ಆನ್ ಮಾಡಿದ್ದೀರಾ?"

"ಆನ್ ಯಾಕೆ? ಟಿಕ್ ಅನ್ನೋದು ಬೇಡ ಅಂತಲೇ ಅಲ್ವಾ ದೂಡಿದ್ದು?"

ಹಾಲಿನವರು ಪ್ಯಾಕೆಟು ಎತ್ತಿಕೊಂಡು ಹೊರಟುಹೋದರು.

ಗೇಟಿನಾಚೆ ರಸ್ತೆ ಏರು. ಮುಂದಕ್ಕೆ ದೂಡುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಒಳಗಿನಿಂದ ಹೊರಗೆ ಹೋಗುವ ಸ್ಕೂಟರುಗಳು, ಹೊರಗಿನಿಂದ ಹೂವು ತಂದ ರಿಕ್ಷಾ, ಎಲ್ಲ ನಮ್ಮ ಎರಡೂ ಬದಿಗೆ ಸೇರತೊಡಗಿದವು. ಹಾರ ಹಾಕಿಕೊಂಡು ಬಾಗಿಲಲ್ಲೇ ಅಡ್ಡ ನಿಂತ ಕಾರು, ಅದರೊಳಗೆ ಶಲ್ಯ ಹೊದ್ದ ಸರ್ವೋತ್ತಮಣ್ಣ. ದರ್ಶನಕ್ಕೆ ನಿಂತ ಸಾಲಿನ ಹಾಗೆಯೇ ಇತ್ತು.

ಗ್ಯಾರೇಜಿನ ಕುಶಲನಿಗೆ ಫೋನು ಹಚ್ಚಿದೆವು. ಮಾನಪಾಡಾ ರಸ್ತೆಯ ಕುಶಲ ಕಾರ್ಕಳದ ಕಡೆಯವನು, ಈ ಕಾರಿನ ಕುಟುಂಬ ವೈದ್ಯ. ಸ್ಪೀಕರಿನಲ್ಲಿ ಅವನ ದನಿಯ ಹಿಂದೆ ಜಾಗಟೆ ಕೇಳುತ್ತಿತ್ತು.

"ಅಣ್ಣ, ನಾನು ಬಂದು ಎಂತ ಮಾಡ್ಲಿ? ಟೂಲ್ ಎಲ್ಲ ಪೂಜೆಗೆ ಇಟ್ಟಾಗಿದೆ. ಭಟ್ರು ಇನ್ನೂ ನಾಲ್ಕು ಗ್ಯಾರೇಜ್ ಮುಗಿಸಿ ನಮ್ಮಲ್ಲಿಗೆ ಬರೋದು. ಅಲ್ಲಿವರೆಗೆ ಸ್ಕ್ರೂಡ್ರೈವರ್ ಸಹ ಮುಟ್ಟುವ ಹಾಗಿಲ್ಲ."

ಇದು ಎಷ್ಟು ನಿಜವೆಂದರೆ, ಆ ಗಳಿಗೆಯಲ್ಲಿ ಕಲ್ಯಾಣದಿಂದ ಬೇಲಾಪುರದವರೆಗೆ ಕೆಲಸಕ್ಕೆ ಬರುವ ಒಂದು ಪಾನಾ, ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರು, ಹುಡುಕಿದರೂ ಸಿಗುತ್ತಿರಲಿಲ್ಲ. ಎಲ್ಲ ಪಾನಾಗಳೂ ಹೂ ಮುಡಿದು ಕುಳಿತಿದ್ದವು.

"ನೀನು ಬಾಯಲ್ಲಿ ಹೇಳು ಮಾರಾಯ, ನಾವು ಮಾಡ್ತೇವೆ," ಎಂದರು ಸರ್ವೋತ್ತಮಣ್ಣ.

"ಸರಿ. ಹೆಡ್‌ಲೈಟ್ ಹಾಕಿ. ಹತ್ತಿತಾ?"

"ಹತ್ತಿತು. ಚೆನ್ನಾಗಿ ಉಂಟು."

"ಈಗ ಸ್ಟಾರ್ಟ್ ಮಾಡಿ. ಮುರಾರಿಯಣ್ಣ ಮುಂದೆ ನಿಂತು ಲೈಟ್ ಎಂತ ಆಗ್ತದೆ ನೋಡ್ಲಿ."

ನಾನು ನೋಡಿದೆ. ಟಿಕ್ ಎನ್ನುವುದೂ ದೀಪ ಸತ್ತ ಹಾಗೆ ಮಂಕಾಗುವುದೂ ಒಟ್ಟಿಗೇ ಆಯಿತು. ಚಾವಿ ಬಿಟ್ಟೊಡನೆ ಮತ್ತೆ ಬೆಳಕು.

"ಹಾಗಾದ್ರೆ ಪೆಟ್ರೋಲ್ ಅಲ್ಲ, ಗಾಳಿ ಅಲ್ಲ," ಎಂದ ಕುಶಲ. ದೇಜಪ್ಪಣ್ಣ ನನ್ನ ಕಡೆ ನೋಡಿ ಚಹಾದ ಖಾಲಿ ಲೋಟವನ್ನು ಮೆಲ್ಲಗೆ ಅಲ್ಲಾಡಿಸಿದರು. "ಲೈಟಿಗೆ ಸ್ವಲ್ಪ ಕರೆಂಟ್ ಸಾಕು, ಸ್ಟಾರ್ಟರಿಗೆ ತುಂಬ ಬೇಕು. ಸ್ವಲ್ಪ ಬರ್ತಾ ಉಂಟು, ತುಂಬ ಬರ್ತಾ ಇಲ್ಲ. ಬ್ಯಾಟರಿ ಹೋದ ತಿಂಗಳು ನಾನೇ ಹೊಸದು ಹಾಕಿದ್ದು. ಅದರ ಮೇಲಿನ ಎರಡು ಟರ್ಮಿನಲ್ ನೋಡಿ, ಲೂಸ್ ಆಗಿರ್ಬೇಕು. ಪಕ್ಕದ ಗ್ಯಾರೇಜಿಗೆ ಭಟ್ರು ಬಂದ್ರು, ಇಡ್ತೇನೆ."

ಬಾನೆಟ್ ಎತ್ತಿದೆವು. ಒಳಗೆ ನೋಡಿ ದೇಜಪ್ಪಣ್ಣ ಅರಿವಿಲ್ಲದೆ ಕೈಮುಗಿದರು. ಎಂಜಿನ್ನಿನ ಮೇಲೆ ಕುಂಕುಮದ ಸಾಲು. ರೇಡಿಯೇಟರಿಗೆ ಹೂವು. ನೀರಿನ ಡಬ್ಬಿಗೆ ಅಕ್ಷತೆ. ಬ್ಯಾಟರಿಯಂತೂ ಅಭಿಷೇಕ ಮುಗಿಸಿ ಅಲಂಕಾರಕ್ಕೆ ಕೂತ ಹಾಗಿತ್ತು. ಟರ್ಮಿನಲ್ ಹಿಡಿದು ಅಲ್ಲಾಡಿಸಿದೆ. ಲೂಸ್ ಇರಲಿಲ್ಲ. ಸರ್ವೋತ್ತಮಣ್ಣ ಬಿಗಿದದ್ದು ಯಾವುದೂ ಲೂಸ್ ಇರುವುದಿಲ್ಲ.

ಆಗ ಅಕ್ಕು ಅತ್ತಿಗೆ ಪಾಯಸದ ಪಾತ್ರೆ ಆರಿತೇ ಎಂದು ನೋಡಿ ಬಂದವರು ಬಾನೆಟ್ಟಿನೊಳಗೆ ಇಣುಕಿದರು. ಇಣುಕಿ, ಗಂಡನ ಮುಖ ನೋಡಿದರು.

"ನಿನ್ನೆ ನಾನು ಬಟ್ಟಲು ತುಂಬ ಗಂಧ ತೇಯ್ದಿದ್ದೆ. ಸಂಜೆ ದೇವರಿಗೆ ಹಚ್ಚುವ ಅಂದ್ರೆ ಬಟ್ಟಲು ಖಾಲಿ. ಇಲ್ಲಿ ಅಷ್ಟು ಕಾಣ್ತಾ ಇಲ್ಲ. ಉಳಿದದ್ದು ಎಲ್ಲಿ ಹೋಯ್ತು?"

ಸರ್ವೋತ್ತಮಣ್ಣ ಶಲ್ಯ ಸರಿಮಾಡಿಕೊಂಡರು.

"ಒಳಗೆ."

"ಯಾವುದರ ಒಳಗೆ?"

"ಟರ್ಮಿನಲ್ ಬಿಚ್ಚಿ, ಒಳಗೆ ಸುತ್ತ ಹಚ್ಚಿ, ಪುನಃ ಬಿಗಿದೆ." ದನಿಯಲ್ಲಿ ಸಂಕೋಚವಿರಲಿಲ್ಲ, ವಿವರಣೆಯಿತ್ತು. "ಗಾಡಿಯ ಜೀವ ಬ್ಯಾಟರಿಯಲ್ಲಿ ಇರೋದು ಅಂತ ಕುಶಲನೇ ಹೇಳಿದ್ದು. ಜೀವ ಇರುವಲ್ಲಿ ಹೊರಗಿಂದ ಒಂದು ಬೊಟ್ಟು ಇಟ್ರೆ ಅದು ಶೋ ಆಯ್ತು. ಗಂಧ ತಾಗ್ಬೇಕಾದಲ್ಲಿ ತಾಗ್ಬೇಡ್ವಾ?"

ಒಣಗಿದ ಶ್ರೀಗಂಧ ಗೋಡೆಗೆ ಬಳಿದ ಸುಣ್ಣದ ಹಾಗೆ ಗಟ್ಟಿಯಾಗುತ್ತದೆ. ಅದರ ಆಚೆ ಹೊಸ ಬ್ಯಾಟರಿ, ಈಚೆ ಹಸಿದ ಸ್ಟಾರ್ಟರು, ನಡುವೆ ಒಂದು ಬಟ್ಟಲು ಭಕ್ತಿ. ದೇಜಪ್ಪಣ್ಣ ನಗದಿರಲು ಪ್ರಯತ್ನಪಟ್ಟು ಕೆಮ್ಮಿದರು. ನಾನು ನಗಲಿಲ್ಲ, ಗಾಳಿ ಹಿಡಿದಿದೆ ಎಂದವನಿಗೆ ನಗುವ ಹಕ್ಕಿಲ್ಲ.

"ಬಿಚ್ಚಿ ಒರೆಸಿ," ಎಂದರು ಅತ್ತಿಗೆ.

"ಬಿಚ್ಚಲಿಕ್ಕೆ ಹತ್ತು ನಂಬರಿನ ಪಾನಾ ಬೇಕು. ಅದು ದೇವರ ಎದುರು ಉಂಟು. ಸಾಯಂಕಾಲ ಬಂದು ಪುನಃಪೂಜೆ ಮಾಡಿ ತೆಗಿಯೋದು ಅಂತ ಸಂಕಲ್ಪ ಮಾಡಿದ್ದೇನೆ."

ಅಕ್ಕು ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಿಫ್ಟಿನ ಕಡೆ ನಡೆದರು. ಕೆಳಗೆ ಬಂದಾಗ ಒಂದು ಕೈಯಲ್ಲಿ ಬಿಸಿನೀರಿನ ತಂಬಿಗೆ, ಪಾತ್ರೆ ತಿಕ್ಕುವ ಸ್ಟೀಲ್ ಜುಂಗು. ಇನ್ನೊಂದರಲ್ಲಿ ಕುಂಕುಮ ಹಚ್ಚಿದ, ಗೊಂಡೆ ಎಸಳು ಅಂಟಿದ ಪಾನಾ.

"ಒಂದು ಆರತಿ ಎತ್ತಿ, ದೇವರ ಹತ್ರ ಕೇಳಿ ತಂದಿದ್ದೇನೆ. ಹತ್ತು ನಂಬರ್ ಒಂದು ಮಾತ್ರ ತಗೊಳ್ತೇನೆ, ಉಳಿದದ್ದು ಸಾಯಂಕಾಲದವರೆಗೆ ನಿನ್ನ ಹತ್ರವೇ ಇರ್ಲಿ ಅಂತ."

ಸರ್ವೋತ್ತಮಣ್ಣನಿಗೆ ಇದು ಒಪ್ಪಿಗೆಯಾಯಿತು. ಶಾಸ್ತ್ರ ಮುರಿದಿರಲಿಲ್ಲ, ಸ್ವಲ್ಪ ಎರವಲು ಪಡೆದಂತಾಗಿತ್ತು ಅಷ್ಟೇ. ಅವರು ಬ್ಯಾಟರಿಗೆ ನಮಸ್ಕರಿಸಿ, ಮೈನಸ್ ಕಡೆಯದನ್ನು ಮೊದಲು, ಆಮೇಲೆ ಪ್ಲಸ್ ಕಡೆಯದನ್ನು ಬಿಚ್ಚಿದರು. ಗಂಧ ತೊಗಟೆಯಂತೆ ಎದ್ದು ಬಂತು. ಬಿದ್ದ ಚೂರುಗಳನ್ನೂ ಬಿಡದೆ ಕಾಗದದಲ್ಲಿ ಕಟ್ಟಿಟ್ಟರು, ಕಾಲಡಿಗೆ ಬೀಳಬಾರದೆಂದು. ಬಳಿಕ ಜುಂಗು ಹಿಡಿದು ತಿಕ್ಕಲು ಕೂತರು. ಕಲ್ಯಾಣದ ಆ ಮೇಜು ಒರೆಸಿದ ಹುಡುಗ ಎಲ್ಲಿಗೂ ಹೋಗಿರಲಿಲ್ಲ.

ಹಿಂದೆ ಹಾರ್ನುಗಳು ಕೂಗುತ್ತಿದ್ದವು.

"ಸಾಕು," ಎಂದರು ಅತ್ತಿಗೆ.

"ಈ ಮೂಲೆಯಲ್ಲಿ ಇನ್ನು ಸ್ವಲ್ಪ ಉಂಟು."

"ಬ್ಯಾಟರಿ ತೂತಾಗ್ತದೆ. ಮಗು ಕಾಯ್ತಾ ಉಂಟು."

ಮಗು ಎಂದ ಮೇಲೆ ಕೈ ನಿಂತಿತು. ಒರೆಸಿ, ಒಣಗಿಸಿ, ಬಿಗಿದು, ಚಾವಿ ತಿರುಗಿಸಿದರು. ಎಂಜಿನ್ನು ಏನೂ ಆಗಿಲ್ಲವೆಂಬಂತೆ ಗುರ್ರೆಂದು ಎದ್ದಿತು. ದೇಜಪ್ಪಣ್ಣ ಬನಿಯನಿನಲ್ಲೇ ನಿಂತು ಟ್ರಾಫಿಕ್ ಪೊಲೀಸಿನಂತೆ ಕೈ ಬೀಸಿ ನಮ್ಮನ್ನು ರಸ್ತೆಗೆ ಬಿಟ್ಟರು.

ಗಂಟೆ ಹತ್ತು ಕಳೆದಿತ್ತು. ಮಾಮೂಲಿ ದಿನವಾದರೆ ಸಾಕಾಗುತ್ತಿತ್ತು. ಆದರೆ ಅಂದು ಮುಂಬಯಿಯ ಸುತ್ತಲಿನ ಎಲ್ಲರೂ ಹೊಸ ವಾಹನ ಕೊಂಡು ರಸ್ತೆಗೆ ಇಳಿಸಿದ್ದರು. ಶಿಳ್‌ಫಾಟಾದಲ್ಲಿ ಹಾರ ಹಾಕಿದ ಕಾರುಗಳ ನಡುವೆ ಹಾರ ಹಾಕಿದ ಟ್ರಕ್ಕುಗಳು, ನಡುವೆ ಹಾರ ಹಾಕಿದ ಜೆಸಿಬಿ. ಯಾರೂ ಚಲಿಸುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿದರೆ ಮತ್ತೆ ಹೊರಡದಿದ್ದರೆ ಎಂಬ ಹೆದರಿಕೆಗೆ ಸರ್ವೋತ್ತಮಣ್ಣ ಅದನ್ನು ಆರಿಸಲಿಲ್ಲ. ಪಾಯಸ ನನ್ನ ಮೊಣಕಾಲುಗಳ ನಡುವೆ ಬೆಚ್ಚಗೆ ತುಳುಕುತ್ತಿತ್ತು.

ಪ್ರಣೀತಾಳ ಫೋನು ಬಂತು. "ಅಪ್ಪ, ಎಲ್ಲಿದ್ದೀರಿ? ಪೂಜೆಯ ಗುರೂಜಿ ಬಂದಾಯ್ತು."

"ಶಿಳ್‌ಫಾಟಾ. ಹನ್ನೊಂದೂವರೆಯೊಳಗೆ..." ಎನ್ನುವಷ್ಟರಲ್ಲಿ ನೆಟ್‌ವರ್ಕು ಹೋಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ.

ಮಹಾಪೆಯ ಹತ್ತಿರ ಡ್ಯಾಶ್‌ಬೋರ್ಡಿನ ಗಡಿಯಾರ ಹನ್ನೊಂದೂವರೆ ತೋರಿಸಿತು. ಕಾರಿನಲ್ಲಿ ಯಾರೂ ಅದನ್ನು ನೋಡಿದ ಹಾಗೆ ಮಾಡಲಿಲ್ಲ. ಸರ್ವೋತ್ತಮಣ್ಣ ಮೊದಲ ಸಲ ಒಂದು ಹಸಿರು ಸಿಗ್ನಲನ್ನು ನಿಧಾನ ಮಾಡದೆ ದಾಟಿದರು. ಸ್ವಲ್ಪ ದೂರ ಹೋದ ಮೇಲೆ, ಯಾರಿಗೂ ಅಲ್ಲದ ಹಾಗೆ, "ಬೀಗರೇ ಬರೆಸಿರ್ತಾರೆ. ಅವರೂ ಅಜ್ಜನೇ ಅಲ್ವಾ," ಎಂದರು.

ಅಕ್ಕು ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಿದ್ದವರು ಗಂಡನ ಭುಜಕ್ಕೆ ಅಂಟಿದ್ದ ಗೊಂಡೆಯ ಎಸಳೊಂದನ್ನು ತೆಗೆದರು. ಅಷ್ಟೇ. ಹಿಂದಿನ ಸೀಟಿನಲ್ಲಿ ನನಗೆ ಒಂದು ಜೋಕೂ ತೋಚಲಿಲ್ಲ. ಇದು ನನಗೆ ಅಪರೂಪ.

ಸಾನಪಾಡಾದ ಆ ಕಟ್ಟಡದ ಕೆಳಗೆ ಕರ್ಣಿಕರು ರೇಷ್ಮೆ ಪಂಚೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಿದ್ದರು. ಕಾರು ಕಂಡೊಡನೆ ಹತ್ತಿರ ಬಂದು ಬಾಗಿಲು ತೆಗೆದರು.

"ಆಯಿಯೇ ರಾವ್‌ಸಾಹೇಬ್. ಬಹುತ್ ದೇರ್."

"ಹೋ ಗಯಾ ನಾ?" ಎಂದರು ಸರ್ವೋತ್ತಮಣ್ಣ. ಇಳಿಯಲೂ ಇಲ್ಲ.

"ಕ್ಯಾ ಹೋ ಗಯಾ?"

"ಅಕ್ಷರ. ಮುಹೂರ್ತ ಮುಗಿದಿದೆಯಲ್ಲ. ಆಪ್‌ನೇ ಲಿಖವಾಯಾ ನಾ? ನೀವೇ ಬರೆಸಿದ್ದಲ್ವಾ?"

ಕರ್ಣಿಕರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಅವರು ಹೇಳಿದ್ದನ್ನು ಅವರ ಹಿಂದಿಯಿಂದ ನಮ್ಮ ಮಾತಿಗೆ ತಂದರೆ ಹೀಗಾಗುತ್ತದೆ: ದಸರಾ ಎಂದರೆ ನಮ್ಮಲ್ಲಿ ಸಾಡೇತೀನ್ ಮುಹೂರ್ತಗಳಲ್ಲಿ ಒಂದು. ವರ್ಷದಲ್ಲಿ ಅಂಥ ಮೂರೂವರೆ ದಿನ ಮಾತ್ರ. ಆ ದಿನ ಬೆಳಗಿನಿಂದ ಸಂಜೆಯವರೆಗೆ ಇಡೀ ದಿನವೇ ಮುಹೂರ್ತ, ಪಂಚಾಂಗ ತೆರೆಯುವುದೇ ಬೇಡ. ಹನ್ನೊಂದೂವರೆ ನಿಮ್ಮದಾಗಿತ್ತು, ನಮ್ಮದಲ್ಲ. ನೀವು ಅಷ್ಟು ಸಲ ಫೋನು ಮಾಡಿ ಹೇಳುತ್ತಿದ್ದಿರಿ, ನಾನು ಯಾಕೆ ಎದುರಾಡಲಿ ಎಂದು ಹೂಂಗುಟ್ಟಿದೆ.

"ಮತ್ತೆ ಗುರೂಜಿ?" ಎಂದರು ಅಕ್ಕು ಅತ್ತಿಗೆ. "ಅವರಿಗೆ ಬೇರೆ ಮನೆ ಇರ್ಲಿಲ್ವಾ?"

ಕರ್ಣಿಕರು ದನಿ ತಗ್ಗಿಸಿದರು. "ವಾಶಿ ಮೇ ಹೈ. ಲೇಕಿನ್ ಉಡುಪಿ ಕಾ ಖಾನಾ ಆ ರಹಾ ಹೈ, ಯೇ ಮೈನೇ ಉನ್‌ಕೋ ಬತಾ ದಿಯಾ. ತಬ್ ಸೇ ಹಿಲೇ ನಹೀ." ವಾಶಿಯ ಮನೆಯೊಂದು ಕಾಯುತ್ತಿದ್ದರೂ, ಉಡುಪಿಯ ಊಟ ಬರುತ್ತಿದೆ ಎಂದು ತಿಳಿದಾಗಿನಿಂದ ಗುರೂಜಿ ಕೂತಲ್ಲಿಂದ ಅಲುಗಿರಲಿಲ್ಲ.

ಸರ್ವೋತ್ತಮಣ್ಣ ಇಳಿದರು. ಇಳಿದವರು ಬೀಗರ ಎರಡೂ ಕೈ ಹಿಡಿದುಕೊಂಡರು. ಬಿಟ್ಟಾಗ ಕರ್ಣಿಕರ ಅಂಗೈಯೂ ಬ್ಯಾಟರಿಯ ಮಸಿಯಿಂದ ಕಪ್ಪಾಗಿತ್ತು. ಇಬ್ಬರೂ ಒಂದೇ ಬೇಸಿನ್ನಿನಲ್ಲಿ ಕೈ ತೊಳೆದರು. ಕರ್ಣಿಕರು ಮುಗಿಸಿ ಬಂದು ಕೂತು ಬಹಳ ಹೊತ್ತಾದ ಮೇಲೂ ಒಳಗೆ ನಲ್ಲಿಯ ಶಬ್ದ ಕೇಳುತ್ತಿತ್ತು.

ತಾಮ್ರದ ತಟ್ಟೆಯಲ್ಲಿ ಅಕ್ಕಿ ಹರಡಿದ್ದರು. ಸುಮೇಧಾ ಪರ್ಕರ್ ಪೋಲ್ಕಾ, ಅಂದರೆ ನಮ್ಮ ಲಂಗ ರವಿಕೆ, ತೊಟ್ಟು ಅಜ್ಜನ ತೊಡೆಯ ಮೇಲೆ ಕೂತಳು. "ನಾನಾ, ಆಪ್ ಸೋ ಗಯೇ ಥೇ ಕ್ಯಾ?" ಎಂದು, ಅಜ್ಜ ನಿದ್ದೆ ಹೋಗಿದ್ದರೋ ಏನೋ ಎಂಬಂತೆ ವಿಚಾರಿಸಿದಳು. ನಾನಾ ಶಲ್ಯ ಹಿಂದಕ್ಕೆ ಸರಿಸಿದರು. ಪುಟ್ಟ ತೋರುಬೆರಳನ್ನು ತಮ್ಮ ದಪ್ಪ ಬೆರಳುಗಳೊಳಗೆ ಹಿಡಿದು, ಅಕ್ಕಿಯ ಮೇಲೆ ಮೊದಲು 'ಶ್ರೀ' ಎಳೆದರು. ಆಮೇಲೆ, ದುಂಡಗೆ, ತಿದ್ದಿ ತಿದ್ದಿ, 'ಅ'. ಮಗು ಅಕ್ಕಿ ಸರಿದು ತಟ್ಟೆಯ ಹೊಳಪು ಕಾಣುವುದನ್ನೇ ನೋಡುತ್ತಿತ್ತು. ಎಲ್ಲರೂ ಅಕ್ಷತೆ ಹಾಕಿದೆವು. ಗುರೂಜಿ ಎದ್ದು ನಿಂತು ಅಡುಗೆಮನೆಯ ಕಡೆ ನೋಡಿದರು.

ಸರ್ವೋತ್ತಮಣ್ಣ 'ಆ' ಬರೆಸಲು ಶುರುಮಾಡಿದರು.

ಗುರೂಜಿ ಕೂತರು. 'ಇ' ಬಂತು. 'ಈ' ಬಂತು. ಮಗು ಬೆರಳು ಎಳೆದುಕೊಂಡು, "ಹೋ ಗಯಾ ನಾನಾ," ಎಂದಿತು.

"ಇನ್ನು ಸ್ವಲ್ಪ ಉಂಟು ಮಗಾ," ಎಂದರು ಅಜ್ಜ. ಸ್ವಲ್ಪ ಎಂದರೆ 'ಳ'ದವರೆಗೆ.

"ಅಪ್ಪ, ಅದೆಲ್ಲ ಒಂದೇ ದಿನ ಅಲ್ಲ," ಎಂದಳು ಪ್ರಣೀತಾ.

"ಒಂದಕ್ಷರ ಹಾಕಿ ಬಿಟ್ರೆ ಕೆಲಸ ಅರ್ಧ ಆಯ್ತಲ್ಲ."

"ಅರ್ಧವೇ ಆಗ್ಲಿ," ಎಂದರು ಅಕ್ಕು ಅತ್ತಿಗೆ. "ಉಳಿದದ್ದಕ್ಕೆ ಭಾನುವಾರ ಬನ್ನಿ."

ಅವರು ಹೀಗೆ ಹೇಳಿದ್ದು ಮಗುವನ್ನೂ ಗುರೂಜಿಯನ್ನೂ ಬಿಡಿಸಲಿಕ್ಕೆ. ಆದರೆ ಸರ್ವೋತ್ತಮಣ್ಣ ಅದನ್ನು ಹೇಳಿದ ಹಾಗೆಯೇ ತೆಗೆದುಕೊಂಡರು. ಬೆರಳು ಬಿಟ್ಟರು. ಆಮೇಲೆ ಕರ್ಣಿಕರು ಪಾಟಿಯ ಮೇಲೆ, ಅಂದರೆ ಸ್ಲೇಟಿನ ಮೇಲೆ, ಅವರ ಪದ್ಧತಿಯಂತೆ ಮರಾಠಿಯ ಒಂದರ ಅಂಕೆಗಳನ್ನೇ ಜೋಡಿಸಿ ಸರಸ್ವತಿಯ ಚಿತ್ರ ಬಿಡಿಸಿದರು. ಮಗು ಚಪ್ಪಾಳೆ ತಟ್ಟಿತು. ಪಾಯಸವನ್ನು ಗುರೂಜಿ ಮೂರು ಸಲ ಹಾಕಿಸಿಕೊಂಡರು. ವಾಶಿಯ ಮನೆಯವರು ಫೋನು ಮಾಡಿದಾಗ, ಇಂದು ಇಡೀ ದಿನವೇ ಮುಹೂರ್ತ ಎಂದು ಅವರಿಗೂ ಸಮಾಧಾನ ಹೇಳಿದರು.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಸರ್ವೋತ್ತಮಣ್ಣ ಹೋಟೆಲನ್ನು ಮ್ಯಾನೇಜರನಿಗೆ ಒಪ್ಪಿಸಿ ಸಾನಪಾಡಾಕ್ಕೆ ಹೊರಡುತ್ತಾರೆ. ಒಂದು ಅಕ್ಷರ ತಿದ್ದಿ ದುಂಡಗಾಗದೆ ಮುಂದಿನದಕ್ಕೆ ಹೋಗುವುದಿಲ್ಲ ಎಂಬುದು ಅವರ ಕ್ರಮ. ಸುಮೇಧಾ ಒಂದು ಅಕ್ಷರ ಬರೆದು, ಎರಡು ಅಳಿಸಿ, ಕಾರ್ಟೂನು ನೋಡಲು ಓಡುತ್ತಾಳೆ. ಪಾಟಿ ಎದುರು ಉಳಿಯುವವರು ಅಜ್ಜಂದಿರಿಬ್ಬರೇ. ಕರ್ಣಿಕರು ಮೊದಲು ಮರ್ಯಾದೆಗೆಂದು ಕೂರುತ್ತಿದ್ದರು, ಈಗ ಠಾಣೆಯಿಂದ ಸ್ವಂತ ಬಳಪ ತರುತ್ತಾರೆ.

ಹೋದ ವಾರ ನಾನೂ ಜೊತೆಗೆ ಹೋಗಿದ್ದೆ. ಮೊಮ್ಮಗಳು ಇನ್ನೂ 'ಊ' ದಾಟಿಲ್ಲ. ಕರ್ಣಿಕರು 'ಅಃ' ಮುಗಿಸಿ 'ಕ'ದ ತಲೆಕಟ್ಟಿನ ಹತ್ತಿರ ಬಂದಿದ್ದಾರೆ. ಅದು ಸ್ವಲ್ಪ ಓರೆಯಾಗಿದೆಯೆಂದು ಸರ್ವೋತ್ತಮಣ್ಣ ಬೀಗರಿಂದ ಇನ್ನೊಂದು ಸಲ ಬರೆಸುತ್ತಿದ್ದರು.